ಚೋಕ್ ಎಳೆದರೆ ಸರಿ, ಬಿಟ್ಟರೆ ಏದುಸಿರು: ಮಳೆಗಾಲ ಕಳೆದ ಲಾನ್ ಮೂವರ್‌ನ ರಗಳೆ

ಪ್ರಶ್ನೆ: ಮಡಿಕೇರಿ ಹತ್ತಿರ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ಮನೆ ಮುಂದಿನ ಹುಲ್ಲಿಗೆಂದು ಐದು ವರ್ಷದ ಹಿಂದೆ ಫೋರ್ ಸ್ಟ್ರೋಕ್ ಪೆಟ್ರೋಲ್ ಲಾನ್ ಮೂವರ್ ತೆಗೆದುಕೊಂಡೆವು. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಶೆಡ್ಡಿಗೆ ಹಾಕಿದ್ದು, ಸೆಪ್ಟೆಂಬರ್‌ನಲ್ಲಿ ಆಯುಧ ಪೂಜಿಸುವ ಕೈಲ್ ಮುಹೂರ್ತ ಹಬ್ಬ ಕಳೆದ ಮೇಲೆ ತೆಗೆದೆವು. ಈಗ ಸ್ಟಾರ್ಟ್ ಏನೋ ಆಗುತ್ತದೆ, ಆದರೆ ಸದ್ದು ಒಂದೇ ಸಮ ಇಲ್ಲ. ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಚೋಕ್ ಅರ್ಧ ಎಳೆದಿಟ್ಟರೆ ಸುಮಾರಾಗಿ ಓಡುತ್ತದೆ. ಹತ್ತು ಹದಿನೈದು ನಿಮಿಷಕ್ಕೆ ತಾನಾಗಿ ನಿಂತುಬಿಡುತ್ತದೆ. ಒಂದು ಕಾಫಿ ಕುಡಿದು ಬರುವಷ್ಟು ಹೊತ್ತು ಬಿಟ್ಟರೆ ಮತ್ತೆ ಸ್ಟಾರ್ಟ್. ಪ್ಲಗ್ ಹೊಸದು ಹಾಕಿದ್ದಾಯಿತು. ಮೆಕ್ಯಾನಿಕ್ ಒಬ್ಬರು ಕಾರ್ಬುರೇಟರನ್ನೇ ಬದಲಿಸಬೇಕು ಅನ್ನುತ್ತಾರೆ. ಬದಲಿಸಲೇ?

ಉತ್ತರ: ಸದ್ಯಕ್ಕೆ ಬದಲಿಸಬೇಡಿ. ನಿಮ್ಮ ಪತ್ರದಲ್ಲಿ ಬೆಲೆಯುಳ್ಳ ಮಾತು ಒಂದಿದೆ, ಅದನ್ನು ನೀವು ನಡುವೆ ಎಲ್ಲೋ ಹೇಳಿ ಮುಂದೆ ಹೋಗಿದ್ದೀರಿ. ಚೋಕ್ ಅರ್ಧ ಎಳೆದರೆ ಸರಿಯಾಗುತ್ತದೆ ಎಂಬುದು. ಇಂಜಿನ್ ತನ್ನ ಕಾಯಿಲೆಯ ಹೆಸರನ್ನು ತಾನೇ ಹೇಳಿದ ಹಾಗೆ ಅದು. ಗಾಳಿ, ಪೆಟ್ರೋಲ್ ಎರಡೂ ಬೆರೆಯುವುದು ಕಾರ್ಬುರೇಟರಿನಲ್ಲಿ. ಚೋಕ್ ಎಳೆದಾಗ ಒಳಗೆ ಹೋಗುವ ಗಾಳಿ ಕಡಿಮೆಯಾಗಿ ಪೆಟ್ರೋಲ್ ಪಾಲು ಹೆಚ್ಚುತ್ತದೆ. ಹಾಗೆ ಮಾಡಿದರೆ ಗುಣವಾಗುತ್ತದೆ ಎಂದಮೇಲೆ ಇಂಜಿನ್‌ಗೆ ಪೆಟ್ರೋಲ್ ಸಾಲುತ್ತಿಲ್ಲ, ಇಲ್ಲವೇ ಎಲ್ಲಿಂದಲೋ ಬೇಡದ ಗಾಳಿ ಸೇರುತ್ತಿದೆ. ಪ್ಲಗ್ ಬದಲಿಸಿದರೆ ಇದು ಹೋಗುವುದಿಲ್ಲ, ಹೋಗಲೂ ಇಲ್ಲ.

ಇನ್ನೊಂದು ವಿಷಯ. ಏರಿಳಿತ ಒಂದು ದೋಷ, ಹತ್ತು ನಿಮಿಷಕ್ಕೆ ನಿಲ್ಲುವುದು ಮತ್ತೊಂದು. ಎರಡಕ್ಕೂ ಕಾರಣ ಒಂದೇ ಇರಬಹುದು, ಇಲ್ಲದೆಯೂ ಇರಬಹುದು. ಎರಡನ್ನೂ ಒಂದೇ ಗಂಟಿಗೆ ಕಟ್ಟಿ ಹುಡುಕಲು ಹೊರಟರೆ ತಲೆ ಕೆಡುತ್ತದೆ. ಮೊದಲು ಏರಿಳಿತ ನೋಡೋಣ.

ಈ ಇಂಜಿನ್‌ಗಳಲ್ಲಿ ಗವರ್ನರ್ ಎಂಬುದೊಂದಿದೆ. ಲೋಡ್ ಎಷ್ಟೇ ಬರಲಿ, ವೇಗ ಒಂದೇ ಸಮ ಇರಬೇಕೆಂದು ಇಂಜಿನ್ ಒಳಗೆ ಹೋಗುವ ದಾರಿಯ ಬಾಗಿಲಾದ ಥ್ರಾಟಲ್ಲನ್ನು ತೆರೆದು ಮುಚ್ಚಿ ಮಾಡುವುದು ಅದರ ಕೆಲಸ. ಬಚ್ಚಲೊಲೆಯ ಮುಂದೆ ಕೂತವರನ್ನು ನೆನೆಸಿಕೊಳ್ಳಿ. ಉರಿ ಕುಗ್ಗಿದರೆ ಸೌದೆ ಒಳಗೆ ತಳ್ಳುತ್ತಾರೆ, ಜೋರಾದರೆ ಹೊರಗೆ ಎಳೆಯುತ್ತಾರೆ. ಸೌದೆ ಹಸಿಯಿದ್ದರೆ ಏನಾಗುತ್ತದೆ? ತಳ್ಳಿದರೂ ಹತ್ತುವುದಿಲ್ಲ, ಇನ್ನಷ್ಟು ತಳ್ಳುತ್ತಾರೆ, ಆಮೇಲೆ ಒಮ್ಮೆಲೇ ಭಗ್ ಎನ್ನುತ್ತದೆ, ಗಾಬರಿಯಿಂದ ಎಳೆಯುತ್ತಾರೆ, ಮತ್ತೆ ಹೊಗೆ. ನಿಮ್ಮ ಮೂವರ್ ಮಾಡುತ್ತಿರುವುದೂ ಇದನ್ನೇ. ಲೋಡ್ ಇಲ್ಲದಾಗ ಥ್ರಾಟಲ್ ಹೆಚ್ಚುಕಡಿಮೆ ಮುಚ್ಚಿರುತ್ತದೆ, ಆಗ ಪೆಟ್ರೋಲ್ ಬರುವುದು ಮುಖ್ಯವಾಗಿ ಪೈಲಟ್ ಜೆಟ್ ಎಂಬ ಸಣ್ಣ ತೂತಿನಿಂದ. ಅದು ಕಟ್ಟಿಕೊಂಡಿದ್ದರೆ ವೇಗ ಬೀಳುತ್ತದೆ. ಗವರ್ನರ್ ಥ್ರಾಟಲ್ ತೆರೆಯುತ್ತದೆ. ತೆರೆದೊಡನೆ ದೊಡ್ಡ ತೂತಾದ ಮೇನ್ ಜೆಟ್‌ನಿಂದ ಪೆಟ್ರೋಲ್ ನುಗ್ಗಿ ವೇಗ ಜಿಗಿಯುತ್ತದೆ. ಗವರ್ನರ್ ಮುಚ್ಚುತ್ತದೆ. ಮತ್ತೆ ಉಪವಾಸ.

ಬಿಚ್ಚುವ ಮೊದಲೇ ಇದನ್ನು ಪರೀಕ್ಷಿಸಬಹುದು. ಮೂವರನ್ನು ದಟ್ಟ ಹುಲ್ಲಿಗೆ ನುಗ್ಗಿಸಿ. ಖಾಲಿ ಓಡುವಾಗ ಏದುಸಿರು ಬಿಡುವ ಇಂಜಿನ್ ಹುಲ್ಲು ಕತ್ತರಿಸುವಾಗ ಒಂದೇ ಸಮ ಓಡಿದರೆ ಪೈಲಟ್ ಜೆಟ್ ಮೇಲೆ ಬಲವಾದ ಗುಮಾನಿ. ಹುಲ್ಲಿಗೆ ಹೋದಾಗ ಇನ್ನೂ ಸುಸ್ತಾದರೆ ಮೇನ್ ಜೆಟ್ಟೂ ಕಟ್ಟಿದೆ, ಅಥವಾ ಟ್ಯಾಂಕಿನಿಂದ ಕಾರ್ಬುರೇಟರ್‌ವರೆಗಿನ ದಾರಿಯಲ್ಲೇ ತಡೆಯಿದೆ.

ಮಡಿಕೇರಿ ಎತ್ತರದಲ್ಲಿದೆ, ಗಾಳಿ ತೆಳು, ಅದಕ್ಕೇ ಹೀಗೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಗಾಳಿ ತೆಳುವಾದರೆ ಪೆಟ್ರೋಲ್ ಪಾಲು ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಅಲ್ಲದೆ ಮಡಿಕೇರಿಯ ಎತ್ತರ ಸುಮಾರು 1,150 ಮೀಟರ್. ಅಷ್ಟಕ್ಕೆ ಜೆಟ್ ಬದಲಿಸುವ ಅಗತ್ಯ ಬೀಳುವುದಿಲ್ಲ.

ಹಾಗಾದರೆ ಜೆಟ್ ಕಟ್ಟಿದ್ದು ಯಾಕೆ? ಜೂನ್‌ನಲ್ಲಿ ಶೆಡ್ಡಿಗೆ ಹಾಕುವಾಗ ಟ್ಯಾಂಕಿನಲ್ಲಿ ಪೆಟ್ರೋಲ್ ಇತ್ತು ಅಲ್ಲವೇ? ಇತ್ತೆಂದು ನೀವು ಬರೆದಿಲ್ಲ, ಆದರೆ ಇಲ್ಲದಿದ್ದರೆ ಈ ಪತ್ರವೇ ಬರುತ್ತಿರಲಿಲ್ಲ. ಈಗ ಬಂಕ್‌ನಲ್ಲಿ ಸಿಗುವುದು ಇ20, ಅಂದರೆ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್‌ಗೆ ಗಾಳಿಯ ತೇವ ಹೀರುವ ಗುಣವಿದೆ. ಅರ್ಧ ಖಾಲಿ ಟ್ಯಾಂಕಿನೊಳಗಿನ ಗಾಳಿ ಹಗಲು ಹಿಗ್ಗಿ ರಾತ್ರಿ ಕುಗ್ಗುವಾಗ ಹೊರಗಿನ ತೇವವನ್ನು ಒಳಗೆ ಎಳೆದುಕೊಳ್ಳುತ್ತಲೇ ಇರುತ್ತದೆ. ಕಕ್ಕಡದ, ಅಂದರೆ ಜುಲೈ-ಆಗಸ್ಟ್ ನಡುವಿನ, ಮಳೆಯಲ್ಲಿ ಬೀರುವಿನೊಳಗಿನ ಚಪ್ಪಲಿಗೇ ಬೂಷ್ಟು ಬರುವ ಊರು ನಮ್ಮದು, ಶೆಡ್ಡಿನ ಮಾತು ಹೇಳಬೇಕೇ. ನೀರು ಒಂದು ಮಿತಿಯವರೆಗೆ ಎಥನಾಲ್ ಜೊತೆ ಕರಗಿ ಕಾಣದಂತೆ ಇರುತ್ತದೆ. ಮಿತಿ ದಾಟಿದ ದಿನ ನೀರು ಎಥನಾಲನ್ನೂ ಕಟ್ಟಿಕೊಂಡು ಅಡಿಗೆ ಇಳಿಯುತ್ತದೆ. ಪೆಟ್ರೋಲ್ ಪೈಪ್ ಇರುವುದೂ ಅಡಿಯಲ್ಲೇ.

ಎಲ್ಲ ಪಾಪವನ್ನೂ ಎಥನಾಲ್ ತಲೆಗೆ ಕಟ್ಟುವುದು ಈಗ ರೂಢಿಯಾಗಿದೆ. ಅದು ಪೂರ್ತಿ ನ್ಯಾಯವಲ್ಲ. ಎಥನಾಲ್ ಬರುವ ಮುಂಚೆಯೂ ಪ್ರತಿ ಸೆಪ್ಟೆಂಬರ್‌ನಲ್ಲಿ ನನ್ನ ವರ್ಕ್‌ಶಾಪ್ ಮುಂದೆ ಮೂವರ್, ಜನರೇಟರ್, ಸ್ಪ್ರೇಯರ್‌ಗಳ ಸಾಲು ಇರುತ್ತಿತ್ತು. ಹಳೆಯ ಪೆಟ್ರೋಲ್ ಆವಿಯಾಗಿ ಕೊನೆಗೆ ವಾರ್ನಿಷ್‌ನಂಥ ಅಂಟು ಉಳಿಸುವುದು ಹೊಸದೇನಲ್ಲ. ಆದರೆ ಎಥನಾಲ್‌ನಿಂದ ಇನ್ನೊಂದು ಪರಿಣಾಮವೂ ಇದೆ. ಪೂರ್ತಿ ಉರಿಯಲು ಒಂದು ಪಾಲು ಪೆಟ್ರೋಲ್‌ಗೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು, ಎಥನಾಲ್‌ಗೆ 9 ಪಾಲು ಸಾಕು. ಹಳೆಯ ಅಳತೆಯ ಜೆಟ್ ಇರುವ ಇಂಜಿನ್‌ಗೆ ಇ20 ಹಾಕಿದರೆ ಅದೇ ತೂತಿನಿಂದ ಬಂದ ಇಂಧನಕ್ಕೆ ಗಾಳಿ ಸ್ವಲ್ಪ ಹೆಚ್ಚೇ ಆಗುತ್ತದೆ. ಶುದ್ಧವಾಗಿರುವ ಕಾರ್ಬುರೇಟರ್ ಅದನ್ನು ಹೇಗೋ ಸುಧಾರಿಸುತ್ತದೆ. ಅರ್ಧ ಕಟ್ಟಿದ ಜೆಟ್‌ಗೆ ಆ ಅವಕಾಶವಿಲ್ಲ.

ಇನ್ನು ಬಿಚ್ಚುವ ಕೆಲಸ. ಎಲ್ಲಕ್ಕಿಂತ ಮೊದಲು ಪ್ಲಗ್ಗಿನ ಟೋಪಿ ಕಿತ್ತು ಪಕ್ಕಕ್ಕೆ ಸರಿಸಿ. ಬ್ಲೇಡನ್ನು ಕೈಯಲ್ಲಿ ತಿರುಗಿಸಿದರೂ ಇಂಜಿನ್ ಒಮ್ಮೆ ಕೆಮ್ಮಬಹುದು, ಆ ಒಂದು ಕೆಮ್ಮಿಗೆ ಬೆರಳು ಸಾಕು. ಕೆಲಸ ಅಂಗಳದಲ್ಲಿ ಮಾಡಿ. ಸೌದೆ ಕೊಟ್ಟಿಗೆಯಲ್ಲಿ ಬೇಡ, ಬಚ್ಚಲೊಲೆಯ ಹತ್ತಿರವಂತೂ ಬೇಡವೇ ಬೇಡ. ಇಂಜಿನ್ ತಣ್ಣಗಿರಲಿ. ಗವರ್ನರ್‌ನ ಸಣ್ಣ ಸ್ಪ್ರಿಂಗ್‌ಗಳು, ತಂತಿಗಳು ಯಾವ ತೂತಿಗೆ ಸಿಕ್ಕಿವೆ ಎಂದು ಮೊಬೈಲ್‌ನಲ್ಲಿ ಎರಡು ಮೂರು ಕಡೆಯಿಂದ ಫೋಟೊ ತೆಗೆದಿಟ್ಟುಕೊಳ್ಳಿ. ಇದನ್ನು ಮಾಡದೆ ಬಿಚ್ಚಿ, ಬಕೆಟ್‌ನಲ್ಲಿ ಹಾಕಿಕೊಂಡು ಬಂದವರು ಬಹಳ ಜನ.

ಪೆಟ್ರೋಲ್ ಟ್ಯಾಪ್ ಮುಚ್ಚಿ. ಟ್ಯಾಪ್ ಇಲ್ಲದಿದ್ದರೆ ಟ್ಯಾಂಕ್ ಖಾಲಿ ಮಾಡಿ. ಕಾರ್ಬುರೇಟರ್ ಕೆಳಗೆ ಬಟ್ಟಲಿನಂಥದೊಂದು ಇರುತ್ತದೆ, ಅದರ ಅಡಿಯಲ್ಲಿ ಒಂದು ಬೋಲ್ಟ್, ಹೆಚ್ಚಾಗಿ ಹತ್ತರ ಸ್ಪ್ಯಾನರ್‌ನದು. ಬೋಲ್ಟ್ ಬಿಚ್ಚಿ ಬಟ್ಟಲನ್ನು ಓರೆ ಮಾಡದೆ ನೇರ ಕೆಳಗೆ ಇಳಿಸಿ. ಒಳಗಿದ್ದದ್ದನ್ನು ಚೆಲ್ಲಬೇಡಿ, ಬೆಳಕಿಗೆ ಹಿಡಿದು ನೋಡಿ. ನೀರಿದ್ದರೆ ಪೆಟ್ರೋಲ್‌ನ ಅಡಿಯಲ್ಲಿ ಪಾದರಸದ ಹಾಗೆ ಗುಂಡಗೆ ಉರುಳಾಡುವ ಹನಿಗಳು ಕಾಣುತ್ತವೆ. ಬಟ್ಟಲನ್ನು ಆಡಿಸಿದರೆ ಒಂದಕ್ಕೊಂದು ಕೂಡಿ ದೊಡ್ಡದಾಗುತ್ತವೆ. ತಳದಲ್ಲಿ ಸುಣ್ಣದ ಹುಡಿಯಂಥ ಬಿಳಿ ಪುಡಿ ಕೂತಿದ್ದರೆ ಅದು ಲೋಹವನ್ನು ನೀರು ತಿಂದದ್ದು. ಹಿತ್ತಾಳೆಯ ಜೆಟ್ ಮೇಲೆ ಹಸಿರು ಕಿಲುಬು ಇದ್ದರೆ ಅದು ತೇವದಲ್ಲಿ ನಿಂತಿತ್ತೆನ್ನಬಹುದು. ಮೂಗನ್ನೂ ಸ್ವಲ್ಪ ಬಳಸಿ. ಹೊಸ ಪೆಟ್ರೋಲ್‌ನ ಚುರುಕು ವಾಸನೆ ಇಲ್ಲದೆ ಹಳೆಯ ಬಣ್ಣದ ಡಬ್ಬಿ ತೆರೆದ ಹಾಗಿದ್ದರೆ ಟ್ಯಾಂಕಿನಲ್ಲಿ ಉಳಿದದ್ದನ್ನೂ ನಂಬಬೇಡಿ.

ಟ್ಯಾಂಕಿನ ಪೆಟ್ರೋಲನ್ನು ಗಾಜಿನ ಬಾಟಲಿಗೆ ಸುರಿದು ಒಂದು ಗಂಟೆ ಅಲ್ಲಾಡಿಸದೆ ಇಡಿ. ಎರಡು ಪದರ ಕಂಡರೆ ಮುಗಿಯಿತು, ಕುಲುಕಿದರೂ ಅದು ಮತ್ತೆ ಒಂದಾಗುವುದಿಲ್ಲ. ಮೇಲಿನ ಪದರ ಚೆನ್ನಾಗಿ ಕಂಡರೂ ಅದರ ಎಥನಾಲ್ ಕೆಳಗಿಳಿದಿರುವುದರಿಂದ ಆಕ್ಟೇನ್, ಅಂದರೆ ಇಂಜಿನ್ ಕುಟ್ಟದಂತೆ ಉರಿಯುವ ಗುಣ, ಬಿದ್ದಿರುತ್ತದೆ. ಇಂಥದ್ದನ್ನು ಕಾಫಿ ಗಿಡದ ಬುಡಕ್ಕೋ ತೋಡಿಗೋ ಚೆಲ್ಲಬೇಡಿ, ಮುಚ್ಚಳ ಬಿಗಿದು ಹಳೆಯ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿನಲ್ಲಿ ವಿಚಾರಿಸಿ.

ಮೇನ್ ಜೆಟ್ ಬಟ್ಟಲಿನ ಮೇಲುಗಡೆ, ನಡುವಿನ ಕಂಬದೊಳಗೆ ಇರುತ್ತದೆ. ಕೆಲವು ಇಂಜಿನ್‌ಗಳಲ್ಲಿ ಬಟ್ಟಲಿನ ಬೋಲ್ಟೇ ಜೆಟ್, ಅದರ ಮೈಯಲ್ಲಿರುವ ತೂತು ನೋಡಿದರೆ ಗೊತ್ತಾಗುತ್ತದೆ. ಬಿಚ್ಚಲು ಸೀಳಿಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಬೇಕು. ಹಿತ್ತಾಳೆ ಮೆದು, ಸಣ್ಣದರಿಂದ ತಿರುಗಿಸಲು ಹೋದರೆ ತಲೆ ಸವೆದು ಆಮೇಲೆ ನಿಜವಾಗಿಯೂ ಹೊಸ ಕಾರ್ಬುರೇಟರ್ ಬೇಕಾಗುತ್ತದೆ. ಜೆಟ್ ಹಿಂದೆ ಮೈತುಂಬ ಅಡ್ಡ ತೂತುಗಳಿರುವ ಒಂದು ಪುಟ್ಟ ಕೊಳವೆ ಇದೆ, ಕಾರ್ಬುರೇಟರ್ ತಟ್ಟಿದರೆ ಅಂಗೈಗೆ ಬೀಳುತ್ತದೆ. ಅದನ್ನೂ ತೊಳೆಯಬೇಕು.

ಪೈಲಟ್ ಜೆಟ್ ಹುಡುಕುವುದರಲ್ಲಿ ಹೆಚ್ಚಿನವರು ಸೋಲುತ್ತಾರೆ. ಕಾರ್ಬುರೇಟರನ್ನು ಪೂರ್ತಿ ತೊಳೆದೆ, ಆದರೂ ಏರಿಳಿತ ಹೋಗಿಲ್ಲ ಎಂದು ಬರುವ ಹತ್ತರಲ್ಲಿ ಎಂಟು ಮಂದಿ ಅದನ್ನು ಮುಟ್ಟಿಯೇ ಇರುವುದಿಲ್ಲ, ಯಾಕೆಂದರೆ ಅದು ಜೆಟ್ ಥರ ಕಾಣುವುದೇ ಇಲ್ಲ. ಹೋಂಡಾ ಮಾದರಿಯ ಅನೇಕ ಸಣ್ಣ ಇಂಜಿನ್‌ಗಳಲ್ಲಿ ಖಾಲಿ ಓಟದ ವೇಗ ಹೊಂದಿಸುವ ಐಡಲ್ ಸ್ಕ್ರೂ ಪಕ್ಕದಲ್ಲಿ, ಅದರ ತಲೆಯ ಅಡಿಗೆ ಸಿಕ್ಕಿಕೊಂಡಂತೆ ಕಪ್ಪು ಪ್ಲಾಸ್ಟಿಕ್ಕಿನ ತುಂಡೊಂದು ಕೂತಿರುತ್ತದೆ. ಸ್ಕ್ರೂ ಎಷ್ಟು ಸುತ್ತು ಹೊರಬಂತೆಂದು ಎಣಿಸಿಕೊಂಡು ಬಿಚ್ಚಿ, ಆ ಪ್ಲಾಸ್ಟಿಕ್ಕನ್ನು ಚಪ್ಪಟೆ ಸ್ಕ್ರೂಡ್ರೈವರ್‌ನಿಂದ ಮೆಲ್ಲಗೆ ಮೀಟಿದರೆ ಪುಟ್ಟ ಓ-ರಿಂಗ್ ಸಮೇತ ಮೇಲೆ ಬರುತ್ತದೆ. ಅದರ ತುದಿಯ ತೂತು ಅರ್ಧ ಮಿ.ಮೀ.ಗಿಂತಲೂ ಸಣ್ಣದು. ಆಕಾಶಕ್ಕೆ ಹಿಡಿದು ಒಂದು ಕಣ್ಣಲ್ಲಿ ನೋಡಿ. ದುಂಡಗೆ, ಚೂಪಾಗಿ ಬೆಳಕಿನ ಚುಕ್ಕಿ ಕಾಣಬೇಕು. ಮಸುಕಾಗಿಯೋ ಚಂದ್ರನ ಚೂರಿನ ಹಾಗೋ ಕಂಡರೆ ಕಳ್ಳ ಸಿಕ್ಕಿದ.

ಗುಂಡುಸೂಜಿ ಹಾಕಿ ಚುಚ್ಚಬೇಡಿ. ಉಕ್ಕು ತೂತನ್ನು ಅಗಲ ಮಾಡುತ್ತದೆ, ಆಮೇಲೆ ಅದು ಏನು ಮಾಡಿದರೂ ಹಳೆಯ ಅಳತೆಗೆ ಬರುವುದಿಲ್ಲ. ಮನೆ ವೈರಿಂಗ್‌ನ ವೈರ್ ತುಂಡು ಸಿಕ್ಕರೆ ಅದರೊಳಗಿನ ತಾಮ್ರದ ಒಂದೇ ಎಳೆ ತೆಗೆದು ಅದರಿಂದ ಬಿಡಿಸಿ. ಮೊದಲು ಕಾರ್ಬುರೇಟರ್ ಕ್ಲೀನರ್ ಸ್ಪ್ರೇ ಹೊಡೆದು ಸ್ವಲ್ಪ ಹೊತ್ತು ನೆನೆಯಲು ಬಿಟ್ಟರೆ ಅಂಟು ಕರಗುತ್ತದೆ. ಸ್ಪ್ರೇ ಹೊಡೆಯುವಾಗ ಕನ್ನಡಕ ಇರಲಿ, ಒಂದು ತೂತಿಗೆ ಹೊಡೆದದ್ದು ಇನ್ನೊಂದರಿಂದ ನೇರ ಕಣ್ಣಿಗೆ ಚಿಮ್ಮುತ್ತದೆ. ಆಮೇಲೆ ಗಾಳಿ. ಮನೆಯಲ್ಲಿ ಕಂಪ್ರೆಸರ್ ಇಲ್ಲದಿದ್ದರೆ ಪಂಕ್ಚರ್ ಅಂಗಡಿಗೆ ಒಯ್ಯಿರಿ. ಜೆಟ್ ಕೂರುವ ಕಾರ್ಬುರೇಟರ್‌ನ ಒಳದಾರಿಗಳಿಗೂ ಗಾಳಿ ಹೊಡೆಸಬೇಕು, ಕಸ ಎಷ್ಟೋ ಸಲ ಜೆಟ್‌ನಲ್ಲಿರದೆ ಅದರ ಹಿಂದಿನ ಓಣಿಯಲ್ಲಿರುತ್ತದೆ.

ಜೋಡಿಸುವಾಗ ಒಂದು ತಮಾಷೆ ಎದುರಾಗುತ್ತದೆ. ಬಟ್ಟಲಿನ ರಬ್ಬರ್ ರಿಂಗ್ ಬಿಚ್ಚುವಾಗ ಸರಿಯಾಗಿಯೇ ಇತ್ತು, ಈಗ ಬಳೆಯಷ್ಟು ದೊಡ್ಡದಾಗಿ ಕೂರುವುದೇ ಇಲ್ಲ. ಪೆಟ್ರೋಲ್ ಕುಡಿದು ಊದಿಕೊಂಡಿದೆ ಅಷ್ಟೆ. ಎಳೆದು ತುರುಕಬೇಡಿ, ಬಿಸಿಲಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಕುಗ್ಗುತ್ತದೆ.

ಇಷ್ಟಾದರೂ ಏರಿಳಿತ ಉಳಿದರೆ ಕಳ್ಳಗಾಳಿ ಹುಡುಕಬೇಕು. ಕಾರ್ಬುರೇಟರ್ ಮತ್ತು ಇಂಜಿನ್ ನಡುವೆ ಗಾಳಿ ನುಸುಳದಂತೆ ಗ್ಯಾಸ್ಕೆಟ್ ಇದೆ, ಅದು ಸೀಳಿದರೆ ಅಥವಾ ನಟ್ ಸಡಿಲವಾದರೆ ಜೆಟ್ ಎಷ್ಟೇ ಶುದ್ಧವಿರಲಿ ಪ್ರಯೋಜನವಿಲ್ಲ. ಬಿಸಿ ಇಂಜಿನ್ ಮೇಲೆ ಸ್ಪ್ರೇ ಹೊಡೆದು ಪತ್ತೆ ಮಾಡುವ ವಿಧಾನ ಎಲ್ಲ ವಿಡಿಯೊಗಳಲ್ಲೂ ಇದೆ, ನನಗೆ ಅದು ಇಷ್ಟವಿಲ್ಲ, ಬೆಂಕಿ ಹಿಡಿದರೆ ಯಾರು ಹೊಣೆ. ಇಂಜಿನ್ ತಣ್ಣಗಿರುವಾಗ ಜಾಯಿಂಟ್ ಸುತ್ತ ಗ್ರೀಸ್ ದಪ್ಪಗೆ ಮೆತ್ತಿ ಸ್ಟಾರ್ಟ್ ಮಾಡಿ. ಏರಿಳಿತ ನಿಂತರೆ ಅಥವಾ ಎದ್ದು ಕಾಣುವಷ್ಟು ಕಡಿಮೆಯಾದರೆ ಗ್ಯಾಸ್ಕೆಟ್ ಬದಲಿಸಿ. ಗವರ್ನರ್ ಸ್ಪ್ರಿಂಗ್ ಮಾತ್ರ ಎಳೆದು, ಬಗ್ಗಿಸಿ ಸರಿ ಮಾಡಲು ಹೋಗಬೇಡಿ. ಸದ್ದು ಒಂದು ದಿನ ಚೆನ್ನಾಗಿರುತ್ತದೆ, ಇಂಜಿನ್ ಮಾತ್ರ ಅಳತೆ ಮೀರಿ ಓಡುತ್ತಿರುತ್ತದೆ.

ಈಗ ಎರಡನೆಯ ದೋಷ, ಹತ್ತು ನಿಮಿಷಕ್ಕೆ ನಿಲ್ಲುವುದು. ಇದಕ್ಕೆ ಉತ್ತರ ಸಿಗುವುದು ನಿಂತ ಕ್ಷಣದಲ್ಲಿ, ಕಾಫಿ ಕುಡಿದು ಬಂದ ಮೇಲೆ ಅಲ್ಲ. ಹದಿನೈದು ನಿಮಿಷ ಬಿಟ್ಟು ನೋಡಿದರೆ ಸಾಕ್ಷಿ ಎಲ್ಲ ಅಳಿಸಿಹೋಗಿರುತ್ತದೆ. ಆದ್ದರಿಂದ ರಬ್ಬರ್ ಹಿಡಿಕೆಯ ಇಕ್ಕಳ ಮತ್ತು ಒಂದು ಒಳ್ಳೆಯ ಪ್ಲಗ್ ಕೈಯಲ್ಲಿ ಹಿಡಿದೇ ಹುಲ್ಲು ಕೊಯ್ಯಲು ಹೋಗಿ.

ನಿಂತೊಡನೆ ಮೊದಲು ಟ್ಯಾಂಕಿನ ಮುಚ್ಚಳಕ್ಕೆ ಕಿವಿ ಕೊಟ್ಟು ಮೆಲ್ಲಗೆ ತಿರುಗಿಸಿ. ಸುಯ್ ಎಂದು ಗಾಳಿ ಒಳಗೆಳೆದ ಸದ್ದು ಬಂದು, ಆಮೇಲೆ ಇಂಜಿನ್ ಸುಲಭವಾಗಿ ಸ್ಟಾರ್ಟ್ ಆದರೆ ಮುಚ್ಚಳದ ಗಾಳಿತೂತು ಕಟ್ಟಿದೆ. ಪೆಟ್ರೋಲ್ ಇಳಿದಷ್ಟು ಗಾಳಿ ಮೇಲಿಂದ ಬರದಿದ್ದರೆ ಟ್ಯಾಂಕಿನಲ್ಲಿ ನಿರ್ವಾತ ಉಂಟಾಗಿ ಪೆಟ್ರೋಲ್ ಇಳಿಯುವುದೇ ನಿಲ್ಲುತ್ತದೆ. ನಿಲ್ಲಿಸಿಟ್ಟಾಗ ನಿಧಾನವಾಗಿ ಗಾಳಿ ಸೇರಿ ಮತ್ತೆ ಸ್ಟಾರ್ಟ್. ನಿಮ್ಮ ವಿವರಣೆಗೆ ಇದು ಚೆನ್ನಾಗಿಯೇ ಹೊಂದುತ್ತದೆ. ಇದರಲ್ಲಿ ನಾನು ಒಮ್ಮೆ ಮುಖಭಂಗ ಮಾಡಿಕೊಂಡಿದ್ದೇನೆ. ಪಾಲಿಬೆಟ್ಟ ಕಡೆಯ ತೋಟದಿಂದ ಬಂದ ಮೂವರ್ ಒಂದಕ್ಕೆ ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲ್ ಬದಲಿಸಿ, ಕಾರ್ಬುರೇಟರ್ ಎರಡು ಸಲ ಬಿಚ್ಚಿ, ಎರಡು ದಿನ ಹಾಳು ಮಾಡಿದೆ. ಕೊನೆಗೆ ಟೀ ತಂದ ಹುಡುಗ ಮುಚ್ಚಳ ತೆರೆದು ಪೆಟ್ರೋಲ್ ಇದೆಯಾ ಎಂದು ಇಣುಕಿದ, ಸುಯ್ ಎಂದಿತು. ನೋಡಿದರೆ ಕುಂಬಾರ ಹುಳ ಗಾಳಿತೂತಿಗೆ ಮಣ್ಣು ಮೆತ್ತಿತ್ತು. ಕಾಯಿಲ್‌ನ ದುಡ್ಡು ತೋಟದವರಿಂದ ತೆಗೆದುಕೊಳ್ಳಲಿಲ್ಲ. ಅಂದಿನಿಂದ ಮಳೆಗಾಲ ಮುಗಿಸಿ ಬಂದ ಯಾವ ಮಿಷನ್ ಆದರೂ ಮುಚ್ಚಳವನ್ನೂ ಸೈಲೆನ್ಸರ್ ಬಾಯನ್ನೂ ಮೊದಲು ನೋಡುತ್ತೇನೆ.

ಸುಯ್ ಸದ್ದು ಇಲ್ಲವೇ? ಹಾಗಾದರೆ ತಡಮಾಡದೆ ಕಿಡಿ ನೋಡಿ. ಟ್ಯಾಂಕಿನ ಮುಚ್ಚಳ ಬಿಗಿಯಾಗಿ ಹಾಕಿ, ಇಂಜಿನ್‌ನ ಪ್ಲಗ್ಗನ್ನು ಬಿಚ್ಚದೆ ಟೋಪಿ ಮಾತ್ರ ಕಿತ್ತು ಕೈಯಲ್ಲಿರುವ ಪ್ಲಗ್‌ಗೆ ಹಾಕಿ, ಅದರ ಲೋಹದ ಮೈಯನ್ನು ಇಂಜಿನ್‌ಗೆ ತಾಗಿಸಿ, ರಬ್ಬರ್ ಹಿಡಿಕೆಯ ಇಕ್ಕಳದಲ್ಲಿ ಹಿಡಿದು, ಇನ್ನೊಬ್ಬರು ಹಗ್ಗ ಎಳೆಯಲಿ. ಮೂವರ್ ಹಿಡಿಕೆಯ ಲಿವರ್ ಒತ್ತಿಯೇ ಇರಬೇಕು, ಅದನ್ನು ಬಿಟ್ಟರೆ ಕಿಡಿ ಬರುವುದಿಲ್ಲ, ಸರಿಯಿರುವ ಕಾಯಿಲ್ ಕೆಟ್ಟಿದೆ ಎಂದು ತಪ್ಪು ತಿಳಿಯುತ್ತೀರಿ. ಬ್ಲೇಡ್ ತಿರುಗುತ್ತದೆ, ಕಾಲು ದೂರ ಇರಲಿ. ನೀಲಿ ಕಿಡಿ ಚಟ್ ಎಂದು ಹಾರಿದರೆ ತೊಂದರೆ ಪೆಟ್ರೋಲ್‌ನದ್ದು. ಕಿಡಿಯೇ ಇಲ್ಲ, ತಣ್ಣಗಾದ ಮೇಲೆ ಇದೆ ಎಂದರೆ ಕಾಯಿಲ್. ಕಾಯಿಲ್ ಒಳಗಿನ ಸುರುಳಿ ಬಿಸಿಗೆ ಸಂಪರ್ಕ ಬಿಡುತ್ತದೆ, ಆರಿದಾಗ ಕೂಡುತ್ತದೆ, ಅದಕ್ಕೆ ರಿಪೇರಿ ಇಲ್ಲ, ಬದಲಿಸಬೇಕು. ಹೊಸದು ಕೂರಿಸುವಾಗ ಇಂಜಿನ್ ಜೊತೆ ತಿರುಗುವ ಭಾರದ ಚಕ್ರವಾದ ಫ್ಲೈವೀಲ್‌ಗೂ ಅದಕ್ಕೂ ನಡುವೆ ಒಂದು ವಿಸಿಟಿಂಗ್ ಕಾರ್ಡ್ ಇಟ್ಟು ಬಿಗಿ ಮಾಡಿ ಕಾರ್ಡ್ ಎಳೆದುಬಿಡಿ, ಅಂತರ ಸರಿಹೋಗುತ್ತದೆ.

ಆದರೆ ಕಾಯಿಲ್‌ಗೆ ದುಡ್ಡು ಹಾಕುವ ಮುನ್ನ ಕಾಯಿಲ್‌ನಿಂದ ಹೊರಟ ತೆಳು ವೈರನ್ನು ಕೊನೆಯವರೆಗೆ ಕಣ್ಣಲ್ಲಿ ಹಿಂಬಾಲಿಸಿ. ಶೆಡ್ಡಿನ ಇಲಿಗೆ ಅದರ ಮೇಲೆ ವಿಶೇಷ ಪ್ರೀತಿ. ಸಿಪ್ಪೆ ಸುಲಿದ ವೈರ್ ಇಂಜಿನ್ ಮೈಗೆ ತಾಗಿದರೆ ಸಾಕು, ಸ್ವಿಚ್ ಆಫ್ ಮಾಡಿದಂತೆಯೇ. ಹಿಡಿಕೆಯ ಲಿವರ್‌ನ ಕೇಬಲ್ ಐದು ವರ್ಷದಲ್ಲಿ ಜಗ್ಗಿರುತ್ತದೆ. ಲಿವರ್ ಪೂರ್ತಿ ಒತ್ತಿದರೂ ಇಂಜಿನ್ ನಿಲ್ಲಿಸುವ ಬ್ರೇಕ್ ಅರ್ಧವೇ ಬಿಟ್ಟಿದ್ದರೆ ಅದುರುವಿಕೆಗೆ ಒಮ್ಮೊಮ್ಮೆ ಕಿಡಿ ಕಡಿಯುತ್ತದೆ. ಕೇಬಲ್ ಬಿಗಿ ಮಾಡಿದರೆ ಮುಗಿಯಿತು.

ಕಿಡಿ ಇದ್ದು, ಮುಚ್ಚಳವೂ ಸರಿಯಿದ್ದು ನಿಲ್ಲುತ್ತಿದ್ದರೆ ಕಾರ್ಬುರೇಟರ್‌ಗೆ ಬರುವ ಪೆಟ್ರೋಲ್ ಪೈಪ್ ಕಿತ್ತು ಬಾಟಲಿಗೆ ಹಿಡಿಯಿರಿ. ಧಾರೆ ಕಡಿಯದೆ ಬರಬೇಕು. ಹನಿ ಹನಿಯಾಗಿ ಬಂದರೆ ಫಿಲ್ಟರ್ ಅಥವಾ ಟ್ಯಾಂಕಿನ ಜಾಲರಿ ಕಟ್ಟಿದೆ, ಇಲ್ಲವೇ ಪೈಪ್ ಒಳಗಿನಿಂದ ಊದಿಕೊಂಡಿದೆ.

ಏರ್ ಫಿಲ್ಟರ್ ಬಗ್ಗೆ ಒಂದೇ ಮಾತು: ಸ್ಪಂಜಿನದಾದರೆ ಸೋಪಿನ ನೀರಲ್ಲಿ ತೊಳೆದು, ಒಣಗಿಸಿ, ನಾಲ್ಕು ಹನಿ ಎಂಜಿನ್ ಆಯಿಲ್ ಹಾಕಿ ಹಿಂಡಿ, ಕಾಗದದ್ದಾದರೆ ತೊಳೆಯಬೇಡಿ.

ನಿಮ್ಮ ಲಾನ್ ಎಷ್ಟು ಇಳಿಜಾರೆಂದು ಬರೆದಿಲ್ಲ. ನಮ್ಮ ಕಡೆ ಸಮತಟ್ಟು ಅಂಗಳ ಇರುವ ಮನೆ ಅಪರೂಪ. ಆಯಿಲ್ ಕಡಿಮೆಯಾದಾಗ ತಾನೇ ನಿಲ್ಲುವ ಸೆನ್ಸರ್ ಕೆಲವು ಇಂಜಿನ್‌ಗಳಲ್ಲಿ ಇರುತ್ತದೆ, ಇಳಿಜಾರಿಗೆ ಆಯಿಲ್ ಒಂದು ಕಡೆ ಸರಿದಾಗಲೂ ಅದು ಇಂಜಿನ್ ಆಫ್ ಮಾಡುತ್ತದೆ. ಯಾವಾಗಲೂ ಅಂಗಳದ ಅದೇ ಮೂಲೆಯಲ್ಲಿ ನಿಲ್ಲುತ್ತದೆಯೇ ಎಂದು ಗಮನಿಸಿ. ಮಿಷನ್ ಮಗುಚಿ ಬ್ಲೇಡ್ ತೊಳೆಯುವಾಗಲೂ ಕಾರ್ಬುರೇಟರ್, ಏರ್ ಫಿಲ್ಟರ್ ಇರುವ ಬದಿ ಮೇಲಕ್ಕಿರಲಿ. ತಿರುಗಾಮುರುಗಾ ಆದರೆ ಇಂಜಿನ್ನಿನ ಆಯಿಲ್ಲು ಏರ್ ಫಿಲ್ಟರ್‌ಗೆ ಇಳಿದು ಮಾರನೆಯ ದಿನ ಬಿಳಿ ಹೊಗೆಯ ಹಬ್ಬ.

ಬ್ಲೇಡ್ ಇತ್ತೀಚೆಗೆ ಕಲ್ಲಿಗೋ ಸಿಲ್ವರ್ ಓಕ್ ಬೇರಿಗೋ ಹೊಡೆದದ್ದುಂಟೇ? ಆಗ ಫ್ಲೈವೀಲ್ ಒಳಗಿನ ಕೀ ಎಂಬ ಸಣ್ಣ ಲೋಹದ ತುಂಡು ಅರ್ಧ ಕತ್ತರಿಸಿ ಕಿಡಿಯ ಸಮಯ ತಪ್ಪಿರಬಹುದು. ಅದರ ಗುರುತು ಬೇರೆ: ಹಗ್ಗ ಎಳೆದಾಗ ಕೈಯನ್ನು ಹಿಂದಕ್ಕೆ ಕಿತ್ತುಕೊಳ್ಳುತ್ತದೆ. ಹಾಗೇನೂ ಇಲ್ಲವಾದರೆ ಆ ಕಡೆ ಹೋಗಬೇಡಿ.

ಮುಂದಿನ ಜೂನ್‌ಗೆ ಒಂದು ಕೆಲಸ. ಶೆಡ್ಡಿಗೆ ಹಾಕುವ ದಿನ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ನಿಲ್ಲುವವರೆಗೆ ಇಂಜಿನ್ ಓಡಿಸಿ, ಬಟ್ಟಲಿನ ಬೋಲ್ಟ್ ಬಿಚ್ಚಿ ಉಳಿದ ಹನಿಯನ್ನೂ ಇಳಿಸಿ. ಕರೆಂಟ್ ಹೋದಾಗ ಓಡಿಸುವ ಜನರೇಟರ್ ನಿಮ್ಮ ಹೋಂಸ್ಟೇಯಲ್ಲೂ ಇದ್ದೀತು. ಅದರದ್ದೂ ಹೆಚ್ಚುಕಡಿಮೆ ಇದೇ ಕಾರ್ಬುರೇಟರ್, ಮಳೆಗಾಲದಲ್ಲಿ ಬಳಕೆಯಲ್ಲಿರುವುದರಿಂದ ಖಾಲಿ ಮಾಡಲಾಗದು, ವಾರಕ್ಕೊಮ್ಮೆ ಹತ್ತು ನಿಮಿಷ ಓಡಿಸಿ. ಕೈಲ್ ಮುಹೂರ್ತದಲ್ಲಿ ಕೋವಿಯ ಜೊತೆ ಮೂವರ್‌ಗೂ ತೋಕ್ ಪೂ ಎಂಬ ಹೂವಿಟ್ಟು ಕೈಮುಗಿಯುವ ಮನೆಗಳನ್ನು ನೋಡಿದ್ದೇನೆ. ಕೋವಿಯನ್ನು ಮೊದಲೇ ಒರೆಸಿ ಎಣ್ಣೆ ಹಚ್ಚಿರುತ್ತಾರೆ, ಮೂವರ್‌ನ ಹೊಟ್ಟೆಯಲ್ಲಿ ಮಾತ್ರ ಜೂನ್ ತಿಂಗಳ ಪೆಟ್ರೋಲ್.

ಜೆಟ್ ತೊಳೆದು, ಹೊಸ ಪೆಟ್ರೋಲ್ ಹಾಕಿ, ಮುಚ್ಚಳ ನೋಡಿ ಆದ ಮೇಲೂ ಸರಿಹೋಗದಿದ್ದರೆ ಮತ್ತೆ ಬರೆಯಿರಿ. ನಿಂತ ಕ್ಷಣದಲ್ಲಿ ಕಿಡಿ ಇತ್ತೇ ಇಲ್ಲವೇ, ಬಟ್ಟಲಿನಲ್ಲಿ ಏನು ಕಂಡಿತು, ಪ್ಲಗ್ಗಿನ ತುದಿ ಬಿಳಿಯೋ ಕಪ್ಪೋ, ಈ ಮೂರನ್ನು ಬರೆದರೆ ಸಾಕು.